ಔಷಧ ಮೊದಲೋ, ವಿಷ ಮೊದಲೋ: ಪಾರ್ಕಿನ್ಸನ್ ಪ್ರಾಣಿಮಾದರಿಯೊಡನೆ ನನ್ನ ಕೆಲಸ

ಸಸ್ಯಮೂಲದ ಒಂದು ಸಂಯುಕ್ತವು ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳನ್ನು ಸಾವಿನಿಂದ ತಕ್ಕಮಟ್ಟಿಗೆ ಕಾಪಾಡುತ್ತದೆ ಎಂಬುದು ನಾನು ಸೇರುವ ಮೊದಲೇ ನಮ್ಮ ಪ್ರಯೋಗಾಲಯದಲ್ಲಿ ಗೊತ್ತಾಗಿತ್ತು. ಅದನ್ನು ಜೀವಂತ ಪ್ರಾಣಿಯಲ್ಲಿ ಪರೀಕ್ಷಿಸುವ ಹೊಣೆ ಸಂಶೋಧನಾ ವಿದ್ಯಾರ್ಥಿಯಾಗಿದ್ದ ನನ್ನ ಪಾಲಿಗೆ ಬಂದಿತು. ಪ್ರಾಣಿಯನ್ನು ಆರಿಸಿಕೊಳ್ಳುವುದು ಒಂದು ವಾರದ ಓದಿನ ಕೆಲಸ ಎಂದು ನಾನು ಎಣಿಸಿದ್ದೆ. ಮಾರ್ಗದರ್ಶಕರು ಮಾತ್ರ ಪ್ರಾಣಿಯ ಹೆಸರನ್ನೇ ಎತ್ತದೆ, "ಪಾರ್ಕಿನ್ಸನ್ ಕಾಯಿಲೆಯ ಯಾವ ಭಾಗವನ್ನು ನೀವು ನೋಡಬೇಕೆಂದಿದ್ದೀರಿ, ಅದನ್ನು ಮೊದಲು ಒಂದು ವಾಕ್ಯದಲ್ಲಿ ಬರೆದು ತನ್ನಿ" ಎಂದರು. ಆ ಒಂದು ವಾಕ್ಯವನ್ನು ಬರೆಯಲು ಸಾಕಷ್ಟು ಕಾಲ ಹಿಡಿಯಿತು. ಮುಂದಿನ ಎಲ್ಲ ತೀರ್ಮಾನಗಳೂ ಅದರಿಂದಲೇ ಹೊರಟವು.

ಕಷ್ಟವಿರುವುದು ಕಾಯಿಲೆಯ ಸ್ವರೂಪದಲ್ಲಿಯೇ. ಮಧ್ಯಮಿದುಳಿನ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಭಾಗದಲ್ಲಿ ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಹಲವು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಸಾಯುತ್ತವೆ. ಅವುಗಳ ತಂತುಗಳು ತಲುಪುವ ಸ್ಟ್ರಯೇಟಮ್ ಭಾಗದಲ್ಲಿ ಡೋಪಮೈನ್ ಬತ್ತುತ್ತಾ ಹೋಗುತ್ತದೆ. ಉಳಿದ ಕೋಶಗಳ ಒಳಗೆ ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು ಗಂಟುಕಟ್ಟಿಕೊಂಡು ಲೆವಿ ಬಾಡಿಗಳಾಗಿ ಕಾಣಿಸಿಕೊಳ್ಳುತ್ತದೆ. ನಡುಕ, ಬಿಗಿತ, ಚಲನೆಯ ಮಂದಗತಿ ಹೊರಗೆ ಕಾಣುವ ಹೊತ್ತಿಗೆ ಆ ಕೋಶಗಳಲ್ಲಿ ಸರಿಸುಮಾರು ಅರ್ಧದಷ್ಟಾದರೂ ಹೋಗಿಬಿಟ್ಟಿರುತ್ತವೆ. ವಾಸನೆ ಗ್ರಹಿಸುವ ಶಕ್ತಿ ಕುಂದುವುದು, ಮಲಬದ್ಧತೆ, ನಿದ್ರೆಯಲ್ಲಿ ಕೈಕಾಲು ಬಡಿಯುವುದು ಇವೆಲ್ಲ ಅದಕ್ಕೂ ಎಷ್ಟೋ ವರ್ಷ ಮೊದಲೇ ಆರಂಭವಾಗಿರಬಹುದು. ಪ್ರಯೋಗಾಲಯದ ಯಾವ ಪ್ರಾಣಿಗೂ ಈ ಕಾಯಿಲೆ ಮನುಷ್ಯನಿಗೆ ಬರುವ ಹಾಗೆ ತಾನಾಗಿ ಬರುವುದಿಲ್ಲ. ನಾವು ತಯಾರಿಸುವ ಪ್ರತಿಯೊಂದು ಮಾದರಿಯೂ ಈ ದೊಡ್ಡ ಚಿತ್ರದಿಂದ ಒಂದು ತುಂಡನ್ನು ಮಾತ್ರ ಕತ್ತರಿಸಿ ತೋರಿಸುತ್ತದೆ. ಮನುಷ್ಯನಲ್ಲಿ ನ್ಯೂರೋಮೆಲನಿನ್ ಎಂಬ ವರ್ಣದ್ರವ್ಯದಿಂದಾಗಿ ಬರಿಗಣ್ಣಿಗೇ ಕಪ್ಪಾಗಿ ಕಾಣುವ ಆ ಭಾಗ, ಇಲಿಯ ಮಿದುಳನ್ನು ಸೀಳಿ ನೋಡಿದರೆ ಕಪ್ಪಾಗಿಯೂ ಇರುವುದಿಲ್ಲ.

ಹಳೆಯ ಪ್ರಯೋಗಗಳನ್ನು ಓದುವಾಗ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅರ್ವಿಡ್ ಕಾರ್ಲ್‌ಸನ್ ಅವರ ಮೊಲಗಳ ಪ್ರಯೋಗ. 1957ರಲ್ಲಿ ಅವರು ಮಿದುಳಿನ ಡೋಪಮೈನ್ ದಾಸ್ತಾನನ್ನು ಬರಿದುಮಾಡುವ ರಿಸರ್ಪಿನ್ ಕೊಟ್ಟು ಮೊಲಗಳನ್ನು ನಿಶ್ಚಲಗೊಳಿಸಿ, ಆಮೇಲೆ ಡೋಪಮೈನಿನ ಪೂರ್ವರೂಪವಾದ ಡೋಪಾ ಕೊಟ್ಟಾಗ ಅವು ಮತ್ತೆ ಎದ್ದು ಓಡಾಡಿದ್ದನ್ನು ತೋರಿಸಿದರು. 1960ರಲ್ಲಿ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್ ಅವರು, ಪಾರ್ಕಿನ್ಸನ್ ಇದ್ದು ಮೃತಪಟ್ಟವರ ಸ್ಟ್ರಯೇಟಮ್ಮಿನಲ್ಲಿ ಡೋಪಮೈನ್ ತೀವ್ರವಾಗಿ ಕಡಿಮೆಯಾಗಿರುವುದನ್ನು ಅಳೆದರು. ಮರುವರ್ಷವೇ ಬಿರ್ಕ್‌ಮೇಯರ್ ಅವರೊಡನೆ ಹಾರ್ನಿಕೀವಿಚ್ ರೋಗಿಗಳಿಗೆ ಡೋಪಾದ ಔಷಧರೂಪವಾದ ಲೆವೊಡೋಪಾ ಚುಚ್ಚುಮದ್ದು ಕೊಟ್ಟು ನೋಡಿದರು. 1967ರಲ್ಲಿ ಕಾಟ್ಸಿಯಾಸ್ ಅವರು ಬಾಯಿಯ ಮೂಲಕ ಹೆಚ್ಚಿನ ಪ್ರಮಾಣವನ್ನು ನಿಧಾನವಾಗಿ ಏರಿಸುವ ವಿಧಾನವನ್ನು ನೆಲೆಗೊಳಿಸಿದರು. ಇಂದಿಗೂ ಈ ಕಾಯಿಲೆಗೆ ಅದಕ್ಕಿಂತ ಪರಿಣಾಮಕಾರಿಯಾದ ಔಷಧವಿಲ್ಲ. ಆದರೆ ಆ ಮೊಲಗಳಲ್ಲಿ ಒಂದು ನರಕೋಶವೂ ಸತ್ತಿರಲಿಲ್ಲ, ಲೆವಿ ಬಾಡಿಯ ಸುಳಿವೂ ಇರಲಿಲ್ಲ. ಕಾಯಿಲೆಯನ್ನು ಹೋಲುವ ವಿಷಯದಲ್ಲಿ ಅಷ್ಟು ಬಡವಾದ ಮಾದರಿಯಿಂದ ಇಷ್ಟು ದೊಡ್ಡ ಫಲ ಬಂದದ್ದು, ಕೇಳಿದ ಪ್ರಶ್ನೆ ಚಿಕ್ಕದಾಗಿಯೂ ಸ್ಪಷ್ಟವಾಗಿಯೂ ಇದ್ದುದರಿಂದ ಎಂದು ನನಗೆ ಅನಿಸುತ್ತದೆ. ಡೋಪಮೈನ್ ಇಲ್ಲದಾಗ ಏನಾಗುತ್ತದೆ, ತುಂಬಿಕೊಟ್ಟರೆ ಏನಾಗುತ್ತದೆ ಎಂಬುದಷ್ಟೇ ಆ ಪ್ರಶ್ನೆ.

ನನ್ನ ಪ್ರಶ್ನೆ ಅಷ್ಟು ಹಗುರವಾಗಿರಲಿಲ್ಲ. ಸಾಯುತ್ತಿರುವ ಕೋಶಗಳನ್ನು ನಮ್ಮ ಸಂಯುಕ್ತ ಉಳಿಸಬಲ್ಲದೇ ಎಂದು ತಿಳಿಯಬೇಕಾದರೆ ಪ್ರಾಣಿಯಲ್ಲಿ ಕೋಶಗಳು ಸಾಯಲೇಬೇಕು, ಅದೂ ನಮಗೆ ನಡುವೆ ಕೈಹಾಕಲು ಅವಕಾಶವಾಗುವಷ್ಟು ನಿಧಾನವಾಗಿ. ಮೇಜಿನ ಮೇಲಿದ್ದ ಆಯ್ಕೆಗಳನ್ನು ಒಂದೊಂದಾಗಿ ತೂಗಿ ನೋಡಿದೆವು. ಎಂಪಿಟಿಪಿ ಎಂಬ ವಿಷದ ಚರಿತ್ರೆ ಈ ಕ್ಷೇತ್ರದವರಿಗೆಲ್ಲ ಬಾಯಿಪಾಠ: 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಲ್ಲಿ ತಯಾರಿಸಿದ ಮಾದಕವಸ್ತುವನ್ನು ಚುಚ್ಚಿಕೊಂಡ ಕೆಲವು ಯುವಜನರು ಕೆಲವೇ ದಿನಗಳಲ್ಲಿ ಮರಗಟ್ಟಿದಂತಾದರು. ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಆ ವಸ್ತುವಿನಲ್ಲಿ ಕಲಬೆರಕೆಯಾಗಿ ಸೇರಿದ್ದ ಎಂಪಿಟಿಪಿಯೇ ಕಾರಣವೆಂದು 1983ರಲ್ಲಿ ವರದಿ ಮಾಡಿದರು. ಮಿದುಳಿನ ಎಂಎಒ-ಬಿ ಎಂಬ ಕಿಣ್ವ ಅದನ್ನು ಎಂಪಿಪಿ ಪ್ಲಸ್ ಎಂಬ ರೂಪಕ್ಕೆ ತಿರುಗಿಸುತ್ತದೆ. ಆ ರೂಪವು ಡೋಪಮೈನನ್ನು ಒಳಗೆಳೆದುಕೊಳ್ಳುವ ಬಾಗಿಲಿನಿಂದಲೇ ನರಕೋಶವನ್ನು ಹೊಕ್ಕು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಶಕ್ತಿ ತಯಾರಿಕೆಯ ಸರಣಿಯಲ್ಲಿನ ಮೊದಲ ಘಟಕವನ್ನು ಸ್ಥಗಿತಗೊಳಿಸುತ್ತದೆ. ಮಂಗಗಳಲ್ಲಿ ಇದು ಮನುಷ್ಯನ ಲಕ್ಷಣಗಳಿಗೆ ತುಂಬ ಹತ್ತಿರದ ಚಿತ್ರವನ್ನು ಕೊಡುತ್ತದೆ, ಕೆಲವು ತಳಿಯ ಚಿಟ್ಟಿಲಿಗಳಲ್ಲಿಯೂ ಕೆಲಸ ಮಾಡುತ್ತದೆ. ದೊಡ್ಡಿಲಿಗಳು ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಬಳಸುವವರಿಗೂ ಅಪಾಯಕಾರಿಯಾದ್ದರಿಂದ ಪ್ರತ್ಯೇಕ ಕೊಠಡಿ, ಪ್ರತ್ಯೇಕ ಕಸವಿಲೇವಾರಿ, ತರಬೇತಾದ ಸಿಬ್ಬಂದಿ ಎಲ್ಲವೂ ಬೇಕಾಗುತ್ತವೆ. ಅವು ನಮ್ಮಲ್ಲಿರಲಿಲ್ಲ.

ಗ್ರೀನಮೈರ್ ತಂಡ 2000ದಲ್ಲಿ ಪ್ರಕಟಿಸಿದ ರೋಟಿನೋನ್ ಮಾದರಿ ಆಕರ್ಷಕವಾಗಿತ್ತು. ಆ ಕೀಟನಾಶಕವನ್ನು ದೀರ್ಘಕಾಲ ಕೊಟ್ಟಾಗ ಇಲಿಗಳಲ್ಲಿ ಲೆವಿ ಬಾಡಿಯಂಥ ಗಂಟುಗಳೂ ಕಂಡಿದ್ದವು. ಆದರೆ ಒಂದೇ ಪ್ರಮಾಣಕ್ಕೆ ಒಂದು ಇಲಿ ಏನೂ ಆಗದಂತೆ ಇದ್ದು ಇನ್ನೊಂದು ಸತ್ತೇಹೋಗುವಷ್ಟು ಏರುಪೇರು ಆ ಮಾದರಿಯಲ್ಲಿದೆ. ಅಷ್ಟು ಏರುಪೇರಿನ ನಡುವೆ ಔಷಧದ ಸಾಧಾರಣ ಪರಿಣಾಮವನ್ನು ಹುಡುಕಬೇಕಾದರೆ ಪ್ರಾಣಿಗಳ ಸಂಖ್ಯೆ ಮಿತಿಮೀರುತ್ತದೆ. ತಳಿವಿಜ್ಞಾನದ ದಾರಿಯನ್ನೂ ನೋಡಿದೆವು. 1997ರಲ್ಲಿ ಆಲ್ಫಾ ಸೈನ್ಯೂಕ್ಲೀನ್ ಜೀನಿನ ರೂಪಾಂತರವು ಕುಟುಂಬಗಳಲ್ಲಿ ಹರಿದುಬರುವ ಪಾರ್ಕಿನ್ಸನ್‌ಗೆ ಕಾರಣವೆಂದು ಗೊತ್ತಾದ ಮೇಲೆ, ಆ ಜೀನನ್ನು ಹೊತ್ತ ಹಣ್ಣುನೊಣಗಳೂ ಚಿಟ್ಟಿಲಿಗಳೂ 2000ದ ಹೊತ್ತಿಗೆ ಸಿದ್ಧವಾಗಿದ್ದವು. ಕುಟುಂಬಗಳಲ್ಲಿ ಬರುವ ಪಾರ್ಕಿನ್ಸನ್‌ಗೆ ಸಂಬಂಧಿಸಿದ ಪಿಂಕ್1 ಮತ್ತು ಪಾರ್ಕಿನ್ ಎಂಬ ಜೀನುಗಳನ್ನು ನೊಣಗಳಲ್ಲಿ ತೆಗೆದುಹಾಕಿದ ಅಧ್ಯಯನಗಳಿಂದಲೇ, ಕೆಟ್ಟುಹೋದ ಮೈಟೊಕಾಂಡ್ರಿಯಾವನ್ನು ವಿಲೇವಾರಿ ಮಾಡುವ ವ್ಯವಸ್ಥೆಯಲ್ಲಿ ಪಿಂಕ್1 ಮೊದಲ ಹಂತದಲ್ಲಿಯೂ ಪಾರ್ಕಿನ್ ಅದರ ಮುಂದಿನ ಹಂತದಲ್ಲಿಯೂ ಇರುವುದು 2006ರಲ್ಲಿ ಬೆಳಕಿಗೆ ಬಂದದ್ದು. ಅದೇ ಜೀನುಗಳನ್ನು ಚಿಟ್ಟಿಲಿಯಿಂದ ತೆಗೆದರೆ ಡೋಪಮೈನ್ ಕೋಶಗಳು ಹೆಚ್ಚುಕಡಿಮೆ ಸುರಕ್ಷಿತವಾಗಿಯೇ ಉಳಿಯುತ್ತವೆ. ಒಟ್ಟು 302 ನರಕೋಶಗಳಿರುವ ಸೀ ಎಲಿಗನ್ಸ್ ಹುಳುವಿನಲ್ಲಿ ಡೋಪಮೈನ್ ಕೋಶಗಳು ಎಂಟೇ. ಅವನ್ನು ಹೊಳೆಯುವಂತೆ ಮಾಡಿ ಜೀವಂತ ಹುಳುವಿನಲ್ಲೇ ಎಣಿಸಬಹುದು ಎಂಬ ಅನುಕೂಲಕ್ಕೆ ಮನಸೋತು, ನಮ್ಮ ಸಂಯುಕ್ತದ ಪ್ರಮಾಣವನ್ನು ಅಂದಾಜಿಸುವ ಆರಂಭಿಕ ಪರೀಕ್ಷೆಯನ್ನು ಅದರಲ್ಲಿಯೇ ಮಾಡಿದೆವು.

ಕೊನೆಗೆ ನಿಂತದ್ದು 6-ಹೈಡ್ರಾಕ್ಸಿಡೋಪಮೈನ್ ಎಂಬ ವಿಷದ ಮೇಲೆ. ಉರ್ಬನ್ ಉಂಗರ್‌ಸ್ಟೆಟ್ 1968ರಲ್ಲಿ ಇಲಿಗಳಲ್ಲಿ ಬಳಸಿ ತೋರಿಸಿದ ಈ ವಸ್ತು ಹಳೆಯದು, ನಡವಳಿಕೆ ಚೆನ್ನಾಗಿ ತಿಳಿದಿರುವಂಥದು. ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ಇದು ದಾಟದು. ಆದ್ದರಿಂದ ನೇರವಾಗಿ ಮಿದುಳಿಗೇ ಸೇರಿಸಬೇಕು. ಡೋಪಮೈನಿನ ಆಕಾರವನ್ನೇ ಹೋಲುವುದರಿಂದ ಅದರ ಬಾಗಿಲಿನಿಂದಲೇ ಕೋಶದ ಒಳಹೊಕ್ಕು, ತಾನಾಗಿ ಉತ್ಕರ್ಷಣಗೊಂಡು, ಆಮ್ಲಜನಕದ ಉಗ್ರ ಕಣಗಳನ್ನು ಹುಟ್ಟಿಸಿ ಕೋಶವನ್ನು ಸಾಯಿಸುತ್ತದೆ. ಎರಡೂ ಪಕ್ಕಕ್ಕೆ ಸೇರಿಸಿದರೆ ಇಲಿ ತಿನ್ನುವುದನ್ನೂ ಕುಡಿಯುವುದನ್ನೂ ಬಿಟ್ಟು ಸಾಯುವ ಸ್ಥಿತಿಗೆ ಬರುತ್ತದೆ ಎಂಬ ಕಾರಣಕ್ಕೆ ಒಂದೇ ಪಕ್ಕಕ್ಕೆ ಸೇರಿಸುವುದು ರೂಢಿ. ಇನ್ನೊಂದು ಪಕ್ಕ ಅದೇ ಪ್ರಾಣಿಯೊಳಗಿನ ಹೋಲಿಕೆಯ ಅಳತೆಗೋಲಾಗಿ ಉಳಿಯುತ್ತದೆ. ಎಲ್ಲಿ ಸೇರಿಸಬೇಕು ಎಂಬುದು ಇನ್ನೂ ಮುಖ್ಯವಾಗಿತ್ತು. ನರತಂತುಗಳು ಒಟ್ಟಾಗಿ ಸಾಗುವ ಮೀಡಿಯಲ್ ಫೋರ್‌ಬ್ರೇನ್ ಬಂಡಲ್‌ಗೆ ಸೇರಿಸಿದರೆ ಕೆಲವೇ ದಿನಗಳಲ್ಲಿ ಬಹುಪಾಲು ಎಲ್ಲ ಕೋಶಗಳೂ ಹೋಗಿಬಿಡುತ್ತವೆ. ಲೆವೊಡೋಪಾದಂಥ ಔಷಧಗಳನ್ನು ಪರೀಕ್ಷಿಸಲು ಅದು ಒಳ್ಳೆಯದು, ಉಳಿಸುವ ಔಷಧಕ್ಕೆ ಅಲ್ಲಿ ಉಳಿಸಲು ಏನೂ ಇರುವುದಿಲ್ಲ. ತಂತುಗಳ ತುದಿಯಿರುವ ಸ್ಟ್ರಯೇಟಮ್ಮಿಗೆ ಸೇರಿಸಿದರೆ ಮೊದಲು ತುದಿಗಳು ಹಾಳಾಗಿ, ಅನಂತರ ವಾರಗಳ ಅವಧಿಯಲ್ಲಿ ಕೋಶಕಾಯಗಳು ಸಾಯುತ್ತವೆ. ನಮಗೆ ಬೇಕಾದ ಬಿಡುವು ಅದರಲ್ಲಿತ್ತು.

ಪ್ರಾಣಿಪ್ರಯೋಗದ ನೀತಿ ಸಮಿತಿಗೆ ಅರ್ಜಿ ಬರೆಯುವುದನ್ನು ಹಲವರು ಕಾಗದದ ಕೆಲಸವೆಂದು ಗೊಣಗುತ್ತಾರೆ. ನನ್ನ ಮಟ್ಟಿಗೆ ಇಡೀ ಯೋಜನೆಯ ಅತ್ಯುತ್ತಮ ವಿಮರ್ಶೆ ನಡೆದದ್ದು ಅಲ್ಲಿಯೇ. ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ತತ್ವಗಳು, ಅಂದರೆ ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ, ಸಾಧ್ಯವಾದಷ್ಟು ಕಡಿಮೆ ಪ್ರಾಣಿಗಳು, ಸಾಧ್ಯವಾದಷ್ಟು ಕಡಿಮೆ ನೋವು, ಅರ್ಜಿಯ ಪ್ರತಿಯೊಂದು ಅಂಕಣದಲ್ಲಿಯೂ ನಮ್ಮನ್ನು ಎದುರುಗೊಂಡವು. ಸಮಿತಿಯಲ್ಲಿದ್ದ ಪಶುವೈದ್ಯೆಯೊಬ್ಬರು ಪ್ರತಿ ಗುಂಪಿನಲ್ಲಿ ಇಷ್ಟೇ ಇಲಿಗಳು ಏಕೆ ಎಂದು ಕೇಳಿ, ಪ್ರಕಟಿತ ಅಂಕಿಗಳಲ್ಲಿನ ಏರುಪೇರಿನಿಂದ ಸಂಖ್ಯಾಶಾಸ್ತ್ರದ ಮೂಲಕ ಅದನ್ನು ಲೆಕ್ಕಹಾಕಿ ತೋರಿಸುವವರೆಗೆ ಬಿಡಲಿಲ್ಲ. ಅಗತ್ಯಕ್ಕಿಂತ ಹೆಚ್ಚು ಪ್ರಾಣಿ ಬಳಸುವುದು ಹೇಗೆ ತಪ್ಪೋ, ಉತ್ತರವೇ ಸಿಗದಷ್ಟು ಕಡಿಮೆ ಬಳಸುವುದೂ ಹಾಗೆಯೇ ತಪ್ಪು, ಏಕೆಂದರೆ ಆಗ ಅವೆಲ್ಲವೂ ವ್ಯರ್ಥವಾಗಿ ಸತ್ತಂತೆ ಎಂಬುದು ಅವರ ವಾದ. ಶಸ್ತ್ರಕ್ರಿಯೆಯ ಮೊದಲಿನ ತೂಕದಲ್ಲಿ ಶೇಕಡ 20ರಷ್ಟು ಕಳೆದುಕೊಂಡ ಪ್ರಾಣಿಯನ್ನು ಕಾಯದೆ ನೋವಿಲ್ಲದಂತೆ ಕೊನೆಗೊಳಿಸಬೇಕು ಎಂಬ ಷರತ್ತನ್ನೂ ಬರೆದುಕೊಂಡೆವು. ಬರಿಯ ಗಂಡು ಇಲಿಗಳನ್ನು ಬಳಸುವ ಹಳೆಯ ಅಭ್ಯಾಸವನ್ನೂ ಅವರು ಪ್ರಶ್ನಿಸಿದ್ದರಿಂದ ಎರಡೂ ಲಿಂಗಗಳನ್ನು ಸೇರಿಸಿದೆವು.

ಮಾರ್ಗದರ್ಶಕರ ಒಂದು ಹಟವೂ ಆ ಅರ್ಜಿಯಲ್ಲಿ ಸೇರಿತು. ನಾವು ಓದಿದ ಇಂಥ ಬಹಳಷ್ಟು ಅಧ್ಯಯನಗಳಲ್ಲಿ ಔಷಧವನ್ನು ವಿಷಕ್ಕಿಂತ ಮೊದಲೇ ಕೊಡಲು ಆರಂಭಿಸಲಾಗಿತ್ತು. ರೋಗಿಯಾದವರು ವೈದ್ಯರ ಬಳಿಗೆ ಬರುವುದು ಕೋಶಗಳು ಸಾಯತೊಡಗಿ ಎಷ್ಟೋ ಕಾಲವಾದ ಮೇಲೆ. ಆದ್ದರಿಂದ ಒಂದು ಗುಂಪಿಗೆ ವಿಷಕ್ಕಿಂತ ಮೊದಲಿನಿಂದಲೂ, ಇನ್ನೊಂದು ಗುಂಪಿಗೆ ವಿಷ ಸೇರಿ ತಂತುಗಳ ತುದಿಗಳು ಹಾಳಾದ ಮೇಲೆಯೂ ಸಂಯುಕ್ತವನ್ನು ಬಾಯಿಯ ಮೂಲಕ ಕೊಡುವುದೆಂದು ನಿರ್ಧಾರವಾಯಿತು. ಇವುಗಳ ಜೊತೆಗೆ ಔಷಧವಿಲ್ಲದ ಗುಂಪು, ವಿಷವಿಲ್ಲದೆ ಬರಿಯ ದ್ರಾವಣ ಸೇರಿಸಿದ ಗುಂಪು. ಯಾವ ಇಲಿ ಯಾವ ಗುಂಪಿಗೆ ಎಂಬುದನ್ನು ಗಣಕಯಂತ್ರ ಆರಿಸಿತು, ಸಂಕೇತಗಳ ಪಟ್ಟಿ ಪ್ರಯೋಗದಲ್ಲಿ ಭಾಗವಹಿಸದ ಸಹೋದ್ಯೋಗಿಯೊಬ್ಬರ ಬೀರುವಿನಲ್ಲಿ ಸೇರಿತು.

ಶಸ್ತ್ರಕ್ರಿಯೆಯನ್ನು ಕಲಿಯುವುದು ಕೈಗೆ ಬರಬೇಕಾದ ವಿದ್ಯೆ. ಸ್ಟೀರಿಯೋಟ್ಯಾಕ್ಸಿಕ್ ಚೌಕಟ್ಟಿನಲ್ಲಿ ಅರಿವಳಿಕೆ ಪಡೆದ ಇಲಿಯ ತಲೆಯನ್ನು ಎರಡು ಕಿವಿಕಡ್ಡಿಗಳೂ ಬಾಚಿಹಲ್ಲಿನ ಪಟ್ಟಿಯೂ ಅಲುಗದಂತೆ ಹಿಡಿಯುತ್ತವೆ. ಕಿವಿಕಡ್ಡಿ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೇಳುವುದಿಲ್ಲ, ಬೆರಳು ಹೇಳಬೇಕು. ನೆತ್ತಿಯ ಚರ್ಮವನ್ನು ಸೀಳಿದಾಗ ತಲೆಬುರುಡೆಯ ಹೊಲಿಗೆಗಳು ಕೂಡುವ ಬ್ರೆಗ್ಮಾ, ಲ್ಯಾಂಬ್ಡಾ ಎಂಬ ಎರಡು ಬಿಂದುಗಳು ಕಾಣುತ್ತವೆ. ಅವೆರಡೂ ಒಂದೇ ಎತ್ತರದಲ್ಲಿ ಬರುವವರೆಗೆ ಹಲ್ಲಿನ ಪಟ್ಟಿಯನ್ನು ಏರಿಳಿಸಿ, ಬ್ರೆಗ್ಮಾದಿಂದ ಮುಂದಕ್ಕೆ ಇಷ್ಟು, ಪಕ್ಕಕ್ಕೆ ಇಷ್ಟು, ಆಳಕ್ಕೆ ಇಷ್ಟು ಎಂದು ಮಿಲಿಮೀಟರಿನ ಹತ್ತನೇ ಭಾಗದ ಲೆಕ್ಕದಲ್ಲಿ ಸೂಜಿಯನ್ನು ಒಯ್ಯಬೇಕು. ಮಿದುಳಿನ ನಕ್ಷೆಗಳು ಒಂದು ತಳಿಯ, ಒಂದು ತೂಕದ ಇಲಿಗೆ ಬರೆದವು. ನಮ್ಮ ಇಲಿಗಳಲ್ಲಿ ಅದೇ ಅಂಕಿ ಅದೇ ಜಾಗಕ್ಕೆ ಒಯ್ಯುತ್ತದೆಂಬ ಭರವಸೆಯಿಲ್ಲ. ಅದಕ್ಕಾಗಿ, ಬೇರೆ ಅಧ್ಯಯನಗಳು ಮುಗಿದು ಹೇಗೂ ಕೊನೆಗಾಣಲಿದ್ದ ಪ್ರಾಣಿಗಳ ಮೃತದೇಹದಲ್ಲಿ ನೀಲಿ ಬಣ್ಣವನ್ನು ಸೇರಿಸಿ, ಮಿದುಳನ್ನು ಹೋಳುಮಾಡಿ, ಬಣ್ಣ ಎಲ್ಲಿ ಬಿದ್ದಿದೆಯೆಂದು ನೋಡುತ್ತಾ ಅಂಕಿಗಳನ್ನು ತಿದ್ದಿಕೊಂಡೆವು.

ವಿಷದ ದ್ರಾವಣದ ವಿಷಯದಲ್ಲಿ ಪಡಬೇಕಾದ ಎಚ್ಚರ ಇನ್ನೊಂದು ಬಗೆಯದು. ಅದನ್ನು ಶೇಕಡ 0.02ರಷ್ಟು ಆಸ್ಕಾರ್ಬಿಕ್ ಆಮ್ಲವಿರುವ ಲವಣದ್ರಾವಣದಲ್ಲಿ ಕರಗಿಸಿ, ಮಂಜುಗಡ್ಡೆಯ ಮೇಲೆ, ಬೆಳಕು ಬೀಳದಂತೆ ಇಡುತ್ತಾರೆ. ಬಣ್ಣವಿಲ್ಲದ ದ್ರಾವಣ ಗುಲಾಬಿಗೆ ತಿರುಗಿತೆಂದರೆ ವಿಷ ಉತ್ಕರ್ಷಣಗೊಂಡು ಶಕ್ತಿ ಕಳೆದುಕೊಂಡಿದೆ ಎಂದರ್ಥ, ಚೆಲ್ಲಿ ಹೊಸದನ್ನು ಮಾಡಬೇಕು. ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ಸಂದೇಶವಾಹಕವನ್ನು ತಯಾರಿಸುವ ಕೋಶಗಳೂ ಈ ವಿಷವನ್ನು ಒಳಗೆಳೆದುಕೊಳ್ಳುವುದರಿಂದ, ಅವುಗಳ ಬಾಗಿಲನ್ನು ಮುಚ್ಚುವ ಡೆಸಿಪ್ರಮೈನನ್ನು ಅರ್ಧ ಗಂಟೆ ಮೊದಲು ಕೊಟ್ಟಿರುತ್ತೇವೆ. ಇಲಿಯ ಕೆಳಗೆ ಬೆಚ್ಚಗಿನ ಹಾಸು, ರೆಪ್ಪೆ ಮುಚ್ಚದ ಕಣ್ಣಿಗೆ ಮುಲಾಮು, ಕಾಲ್ಬೆರಳನ್ನು ಚಿವುಟಿದರೆ ಪ್ರತಿಕ್ರಿಯೆಯಿಲ್ಲ ಎಂಬ ಖಾತರಿ, ಇಷ್ಟಾದ ಮೇಲೆಯೇ ಬುರುಡೆಯಲ್ಲಿ ಕಿರುರಂಧ್ರ ಕೊರೆಯುವುದು. ಮೈಕ್ರೋಲೀಟರುಗಳ ಲೆಕ್ಕದ ದ್ರಾವಣವನ್ನು ಪಂಪು ನಿಮಿಷಗಟ್ಟಲೆ ನಿಧಾನವಾಗಿ ತಳ್ಳುತ್ತದೆ. ಮುಗಿದ ಮೇಲೂ ಸೂಜಿಯನ್ನು ಐದು ನಿಮಿಷ ಅಲ್ಲಿಯೇ ಬಿಡಬೇಕು, ಇಲ್ಲವಾದರೆ ಸೂಜಿ ಬಂದ ದಾರಿಯಲ್ಲೇ ದ್ರಾವಣ ಮೇಲಕ್ಕೆ ಹರಿದು ಮಿದುಳಿನ ಹೊರಪದರಕ್ಕೆ ಸೇರಿಬಿಡುತ್ತದೆ. ಆ ಐದು ನಿಮಿಷಗಳಲ್ಲಿ ಮಾಡಲು ಏನೂ ಇರುವುದಿಲ್ಲವಾದ್ದರಿಂದ ಉಸಿರಾಟ ಎಣಿಸುವ ಅಭ್ಯಾಸ ನನಗೆ ಬೆಳೆಯಿತು.

ಪ್ರಕಟಿತ ಪ್ರಬಂಧಗಳಲ್ಲಿ ಶಸ್ತ್ರಕ್ರಿಯೆಯ ನಂತರದ ಆರೈಕೆಗೆ ಸಿಗುವುದು ಒಂದು ವಾಕ್ಯ. ಪ್ರಾಣಿ ಬದುಕುವುದೂ ಅಂಕಿಗಳು ನಂಬಲರ್ಹವಾಗುವುದೂ ನಿಂತಿರುವುದು ಅದರ ಮೇಲೆಯೇ ಎಂದು ನಾನು ಈಗ ಧೈರ್ಯವಾಗಿ ಹೇಳಬಲ್ಲೆ. ನೋವುನಿವಾರಕ, ಚರ್ಮದಡಿಗೆ ಬೆಚ್ಚಗಿನ ಲವಣದ್ರಾವಣ, ನೆನೆಸಿ ಮೆತ್ತಗೆ ಮಾಡಿದ ಆಹಾರವನ್ನು ಪಂಜರದ ನೆಲದಲ್ಲೇ ಇಡುವುದು, ದಿನಾ ತೂಕ ನೋಡುವುದು, ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಪ್ರಾಣಿಗೃಹವನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ತಕ್ಕಡಿ ತೋರಿಸುವ ಮೊದಲೇ, ಕೂದಲು ನಿಮಿರಿದ್ದನ್ನೂ ಕಣ್ಣಿನ ಸುತ್ತ ಕೆಂಪು ಒಸರಿದ್ದನ್ನೂ ನೋಡಿ ಯಾವ ಇಲಿಗೆ ಸೌಖ್ಯವಿಲ್ಲವೆಂದು ಗುರುತಿಸುತ್ತಿದ್ದರು. ಒತ್ತಡಕ್ಕೆ ಒಳಗಾದ ಇಲಿ ಸರಿಯಾಗಿ ಚಲಿಸುವುದಿಲ್ಲ, ನಾವು ಅಳೆಯಹೊರಟಿದ್ದೂ ಚಲನೆಯನ್ನೇ.

ಅಳೆಯುವ ವಿಧಾನಗಳಲ್ಲಿ ಹೆಸರಾದದ್ದು ಸುತ್ತುವ ಪರೀಕ್ಷೆ. ಆಂಫಿಟಮೈನ್ ಕೊಟ್ಟಾಗ ಆರೋಗ್ಯವಾಗಿರುವ ಪಕ್ಕದಿಂದ ಹೆಚ್ಚು ಡೋಪಮೈನ್ ಹೊಮ್ಮಿ, ಇಲಿ ಹಾನಿಯಾದ ಪಕ್ಕದ ಕಡೆಗೆ ಸುತ್ತತೊಡಗುತ್ತದೆ. ಡೋಪಮೈನಿನಂತೆ ಗ್ರಾಹಕಗಳನ್ನು ನೇರವಾಗಿ ಪ್ರಚೋದಿಸುವ ಅಪೊಮಾರ್ಫಿನ್ ಕೊಟ್ಟರೆ, ಡೋಪಮೈನಿಗಾಗಿ ಹಸಿದು ಅತಿಸೂಕ್ಷ್ಮವಾಗಿರುವ ಹಾನಿಯಾದ ಪಕ್ಕದ ಗ್ರಾಹಕಗಳು ಜೋರಾಗಿ ಸ್ಪಂದಿಸಿ, ಸುತ್ತು ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಆದರೆ ಕೋಶಗಳು ಬಹುತೇಕ ಎಲ್ಲವೂ ಹೋದಾಗ ಮಾತ್ರ ಅಪೊಮಾರ್ಫಿನ್ ಸುತ್ತು ಸ್ಪಷ್ಟವಾಗುವುದರಿಂದ ನಮ್ಮ ಭಾಗಶಃ ಹಾನಿಯ ಮಾದರಿಗೆ ಆಂಫಿಟಮೈನನ್ನೇ ಬಳಸಿದೆವು. ಅರ್ಧಗೋಳದ ಬಟ್ಟಲಿನಲ್ಲಿ ಮೈಗೆ ಪಟ್ಟಿ ಕಟ್ಟಿಸಿಕೊಂಡು ಸುತ್ತುವ ಇಲಿಯನ್ನು ಮೊದಲ ಬಾರಿ ನೋಡಿದವರಿಗೆ ಇದು ಪಾರ್ಕಿನ್ಸನ್‌ಗೆ ಏನು ಸಂಬಂಧ ಎನಿಸುವುದು ಸಹಜ. ಯಾವ ರೋಗಿಯೂ ಹೀಗೆ ಸುತ್ತುವುದಿಲ್ಲ, ಈ ಇಲಿಗೆ ರೋಗಿಯ ವಿಶ್ರಾಂತಿಯ ನಡುಕವೂ ಬರುವುದಿಲ್ಲ. ಎರಡು ಪಕ್ಕಗಳ ಡೋಪಮೈನ್ ಎಷ್ಟು ಅಸಮವಾಗಿದೆ ಎಂಬುದನ್ನು ತೋರಿಸುವ ಮುಳ್ಳು ಮಾತ್ರ ಅದು. ನನಗೆ ಹೆಚ್ಚು ಒಪ್ಪಿಗೆಯಾದದ್ದು ಔಷಧದ ಪ್ರಚೋದನೆಯಿಲ್ಲದೆ ನಡೆಯುವ ಸಿಲಿಂಡರ್ ಪರೀಕ್ಷೆ: ಪಾರದರ್ಶಕ ಕೊಳವೆಯಲ್ಲಿ ಬಿಟ್ಟ ಇಲಿ ಕುತೂಹಲದಿಂದ ಎದ್ದುನಿಂತು ಗೋಡೆಯನ್ನು ಮುಂಗಾಲುಗಳಿಂದ ತಡವುತ್ತದೆ, ಬಲಪಕ್ಕದ ಮಿದುಳಿಗೆ ಹಾನಿಯಾಗಿದ್ದರೆ ಎಡಮುಂಗಾಲನ್ನು ಬಳಸಲು ಹಿಂಜರಿಯುತ್ತದೆ. ಒಂದೇ ಇಲಿಯನ್ನು ಮತ್ತೆ ಮತ್ತೆ ಬಿಟ್ಟರೆ ಕುತೂಹಲ ಬತ್ತಿ ಅದು ಏಳುವುದೇ ಇಲ್ಲ, ಆದ್ದರಿಂದ ಪರೀಕ್ಷೆಗಳ ನಡುವೆ ಅಂತರ ಕೊಡಬೇಕಾಗುತ್ತದೆ. ವಿಡಿಯೊಗಳನ್ನು ಗುಂಪು ತಿಳಿಯದ ಇಬ್ಬರು ಬೇರೆಬೇರೆಯಾಗಿ ಎಣಿಸಿದೆವು.

ನಡವಳಿಕೆಯ ಪರೀಕ್ಷೆಗಳು ಮುಗಿದ ಮೇಲೆ ಆಳವಾದ ಅರಿವಳಿಕೆಯಲ್ಲಿ ಪ್ರಾಣಿಗಳನ್ನು ಕೊನೆಗೊಳಿಸಿ, ಶೇಕಡ 4ರ ಪ್ಯಾರಾಫಾರ್ಮಾಲ್ಡಿಹೈಡ್ ಹರಿಸಿ ಮಿದುಳನ್ನು ಗಟ್ಟಿಗೊಳಿಸಿ, ತೆಳುಹಾಳೆಗಳಾಗಿ ಕತ್ತರಿಸಿ, ಡೋಪಮೈನ್ ತಯಾರಿಕೆಗೆ ಬೇಕಾದ ಟೈರೊಸಿನ್ ಹೈಡ್ರಾಕ್ಸಿಲೇಸ್ ಕಿಣ್ವವನ್ನು ಕಂದುಬಣ್ಣದಲ್ಲಿ ತೋರಿಸುವ ಪ್ರತಿಕಾಯದಿಂದ ಬಣ್ಣಹಾಕಿದೆವು. ಹಾನಿಯಾಗದ ಪಕ್ಕದಲ್ಲಿ ದಟ್ಟವಾದ ಕಂದು ಪಟ್ಟಿ, ಇನ್ನೊಂದು ಪಕ್ಕದಲ್ಲಿ ಅಲ್ಲೊಂದು ಇಲ್ಲೊಂದು ಕೋಶ. ಈ ಚಿತ್ರ ನೋಡಲು ನಾಟಕೀಯವಾಗಿದ್ದರೂ ಒಂದು ಬಲೆಯನ್ನು ಒಡ್ಡುತ್ತದೆ. ಗಾಯಗೊಂಡ ಕೋಶ ಸಾಯದೆಯೇ ಆ ಕಿಣ್ವವನ್ನು ತಯಾರಿಸುವುದನ್ನು ನಿಲ್ಲಿಸಬಹುದು, ಆಗ ಅದು ಬದುಕಿದ್ದರೂ ಲೆಕ್ಕಕ್ಕೆ ಸಿಗುವುದಿಲ್ಲ. ಔಷಧ ಕೊಟ್ಟ ಗುಂಪಿನಲ್ಲಿ ಕಂದುಕೋಶಗಳು ಹೆಚ್ಚಿವೆ ಎಂದರೆ ಕೋಶ ಉಳಿಯಿತೋ ಕಿಣ್ವ ಮರಳಿತೋ ಎಂದು ಹೇಳಲು ಎಲ್ಲ ನರಕೋಶಗಳನ್ನೂ ತೋರಿಸುವ ನಿಸ್ಲ್ ಬಣ್ಣದಲ್ಲಿಯೂ ಎಣಿಸಬೇಕು. ಇಡೀ ಭಾಗದ ಉದ್ದಕ್ಕೂ ನಿಗದಿತ ಅಂತರದ ಹಾಳೆಗಳನ್ನು ಆರಿಸಿ, ಸೂಕ್ಷ್ಮದರ್ಶಕದಲ್ಲಿ ಪಕ್ಷಪಾತವಿಲ್ಲದಂತೆ ಎಣಿಸುವ ಆ ಕೆಲಸ ಬೇಸರದ್ದು. ತಿಂಗಳುಗಳು ಹಿಡಿಯಿತು ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಸಂಕೇತಗಳನ್ನು ಬಿಡಿಸಿದಾಗ ಚಿತ್ರ ಸ್ಪಷ್ಟವಾಗಿತ್ತು. ಮೊದಲಿನಿಂದಲೂ ಸಂಯುಕ್ತ ಪಡೆದ ಇಲಿಗಳು ಕಡಿಮೆ ಸುತ್ತಿದ್ದವು, ಎರಡೂ ಮುಂಗಾಲುಗಳನ್ನು ಹೆಚ್ಚು ಸಮವಾಗಿ ಬಳಸಿದ್ದವು, ಎರಡೂ ಬಣ್ಣಗಳಲ್ಲಿ ಹೆಚ್ಚು ಕೋಶಗಳನ್ನು ಉಳಿಸಿಕೊಂಡಿದ್ದವು. ವಿಷದ ನಂತರ ಪಡೆದವುಗಳಿಗೂ ಔಷಧವೇ ಇಲ್ಲದವುಗಳಿಗೂ ಯಾವ ಅಳತೆಯಲ್ಲಿಯೂ ಗುರುತಿಸುವಂಥ ವ್ಯತ್ಯಾಸವಿರಲಿಲ್ಲ. ಮೊದಲ ಫಲಿತಾಂಶವೊಂದೇ ಪ್ರಕಟಣೆಗೆ ಸಾಕು, ಎರಡನೆಯದನ್ನು ಮುಂದಿನ ಅಧ್ಯಯನಕ್ಕೆ ಇಟ್ಟುಕೊಳ್ಳಬಹುದು ಎಂಬ ಸಲಹೆ ತಂಡದ ಒಳಗೇ ಬಂತು. ಅದನ್ನು ನಾನು ಒಪ್ಪಲಿಲ್ಲ, ಮಾರ್ಗದರ್ಶಕರೂ ಒಪ್ಪಲಿಲ್ಲ. ಮೊದಲ ಗುಂಪಿನ ಅರ್ಥ ತಿಳಿಯುವುದೇ ಎರಡನೆಯದನ್ನು ಪಕ್ಕದಲ್ಲಿಟ್ಟಾಗ.

ಸಂಯುಕ್ತವು ನರಕೋಶವನ್ನು ಬಲಪಡಿಸುತ್ತಿದೆಯೋ ಅಥವಾ ವಿಷವನ್ನೇ ದುರ್ಬಲಗೊಳಿಸುತ್ತಿದೆಯೋ ಎಂಬ ಅನುಮಾನ ಆಗ ಬಲವಾಯಿತು. ಡೋಪಮೈನಿನ ಬಾಗಿಲನ್ನು ಮುಚ್ಚುವ ಯಾವ ವಸ್ತುವಾದರೂ 6-ಹೈಡ್ರಾಕ್ಸಿಡೋಪಮೈನನ್ನು ಹೊರಗೇ ನಿಲ್ಲಿಸಿ ಕೋಶವನ್ನು ಕಾಪಾಡಿದಂತೆ ತೋರಿಸುತ್ತದೆ, ಎಂಎಒ-ಬಿಯನ್ನು ತಡೆಯುವ ಯಾವ ವಸ್ತುವಾದರೂ ಎಂಪಿಟಿಪಿ ಮಾದರಿಯಲ್ಲಿ ಹಾಗೆಯೇ ಮಾಡುತ್ತದೆ. ಇವೆರಡೂ ರೋಗಿಯ ಮಿದುಳಿನಲ್ಲಿ ಸಾಯುತ್ತಿರುವ ಕೋಶದ ಬಗ್ಗೆ ಏನನ್ನೂ ಹೇಳುವುದಿಲ್ಲ. ಪ್ರಾಣಿಯಿಲ್ಲದೆಯೇ ಮಾಡಬಹುದಾದ ಒಂದು ಸರಳ ಪರೀಕ್ಷೆ ನಮ್ಮ ಕೈಯಲ್ಲಿತ್ತು: ಎರಡು ನಳಿಕೆಗಳಲ್ಲಿ ವಿಷದ ದ್ರಾವಣ, ಒಂದಕ್ಕೆ ನಮ್ಮ ಸಂಯುಕ್ತ. ಸಂಯುಕ್ತವಿಲ್ಲದ ನಳಿಕೆ ಗುಲಾಬಿಗೆ ತಿರುಗಿದ ಎಷ್ಟೋ ಹೊತ್ತಿನ ಮೇಲೂ ಇನ್ನೊಂದು ತಿಳಿಯಾಗಿಯೇ ಇತ್ತು. ಉತ್ಕರ್ಷಣವನ್ನು ಅದು ನೇರವಾಗಿ ತಡೆಯುತ್ತಿತ್ತು. ಮಿದುಳಿನಲ್ಲಿಯೂ ನಡೆದದ್ದು ಇಷ್ಟೇ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ನರಕೋಶದ ರಕ್ಷಣೆ ಎಂಬ ಮಾತನ್ನು ಪ್ರಬಂಧದ ಶೀರ್ಷಿಕೆಯಲ್ಲಿ ಬರೆಯುವ ಹಕ್ಕು ನಮಗೆ ಇಲ್ಲವಾಯಿತು.

ಕ್ಷೇತ್ರದ ದೊಡ್ಡ ಸೋಲುಗಳನ್ನು ಮತ್ತೆ ಓದಿದಾಗ ಅವು ಬೇರೆಯಾಗಿ ಕಂಡವು. ಚಿಟ್ಟಿಲಿಗಳಲ್ಲಿ ಎಂಪಿಟಿಪಿಯಿಂದ ಕಾಪಾಡಿದ್ದ ಕೋಎಂಜೈಮ್ ಕ್ಯೂ10ರ ದೊಡ್ಡ ಮಾನವ ಪರೀಕ್ಷೆಯನ್ನು ಪ್ರಯೋಜನದ ಸುಳಿವಿಲ್ಲವೆಂದು 2011ರಲ್ಲಿ ನಿಲ್ಲಿಸಲಾಯಿತು. 1993ರಲ್ಲಿ ಪತ್ತೆಯಾಗಿ, ಇಲಿಗಳಲ್ಲಿಯೂ ಮಂಗಗಳಲ್ಲಿಯೂ ಅದ್ಭುತವೆನಿಸಿದ್ದ ಜಿಡಿಎನ್‌ಎಫ್ ಎಂಬ ಪೋಷಕ ಪ್ರೋಟೀನು ನಿಯಂತ್ರಿತ ಮಾನವ ಪರೀಕ್ಷೆಗಳಲ್ಲಿ ನಿರೀಕ್ಷೆಯ ಮಟ್ಟಕ್ಕೆ ಏರಲಿಲ್ಲ. ಇದರಿಂದ ಪ್ರಾಣಿಮಾದರಿಗಳೇ ನಿರರ್ಥಕ ಎಂದು ತೀರ್ಮಾನಿಸುವವರ ಜೊತೆ ನಾನು ನಿಲ್ಲಲಾರೆ. 1990ರಲ್ಲಿ ಬರ್ಗ್‌ಮನ್, ವಿಕ್‌ಮನ್ ಮತ್ತು ಡಿಲಾಂಗ್ ಅವರು ಎಂಪಿಟಿಪಿ ಕೊಟ್ಟ ಮಂಗಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗವನ್ನು ನಿಷ್ಕ್ರಿಯಗೊಳಿಸಿದಾಗ ಲಕ್ಷಣಗಳು ಇಳಿದವು. ಕೆಲವೇ ವರ್ಷಗಳಲ್ಲಿ ಬೆನಬಿದ್ ಮತ್ತು ಸಂಗಡಿಗರು ಅದೇ ಭಾಗಕ್ಕೆ ವಿದ್ಯುತ್ ತಂತಿ ಇಳಿಸಿ ರೋಗಿಗಳಿಗೆ ಪರಿಹಾರ ಕೊಟ್ಟರು. ಲೆವೊಡೋಪಾವನ್ನು ಬಹುಕಾಲ ತೆಗೆದುಕೊಂಡವರಲ್ಲಿ ಕಾಣುವ ಅನೈಚ್ಛಿಕ ಚಲನೆಗಳನ್ನು ಅಧ್ಯಯನ ಮಾಡಲು ನಮ್ಮದೇ ಬಗೆಯ, ವಿಷ ಸೇರಿಸಿದ ಇಲಿಗಳು ಇಂದಿಗೂ ಉಪಯುಕ್ತ. ಡೋಪಮೈನ್ ಇಲ್ಲದ ಮಿದುಳಿನ ಮಂಡಲ ಹೇಗೆ ವರ್ತಿಸುತ್ತದೆ ಎಂದು ಕೇಳಿದಾಗ ಈ ಪ್ರಾಣಿಗಳು ಸರಿಯಾದ ಉತ್ತರವನ್ನೇ ಕೊಟ್ಟಿವೆ. ಮನುಷ್ಯನಲ್ಲಿ ಕೋಶಗಳು ಏಕೆ ಸಾಯುತ್ತವೆ ಎಂದು ಕೇಳಿದಾಗ, ನಾವೇ ಸಾಯಿಸಿದ ಕಾರಣವನ್ನು ನಮಗೇ ಮರಳಿ ಹೇಳಿವೆ.

ಆದ್ದರಿಂದ ಎರಡನೆಯ ಅರ್ಜಿಯಲ್ಲಿ ಮಾದರಿಯನ್ನೇ ಬದಲಿಸಿದೆವು. 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೂಕ್ ಮತ್ತು ಸಂಗಡಿಗರು ಸಾಮಾನ್ಯ ಚಿಟ್ಟಿಲಿಯ ಸ್ಟ್ರಯೇಟಮ್ಮಿಗೆ ಆಲ್ಫಾ ಸೈನ್ಯೂಕ್ಲೀನಿನ ಸಿದ್ಧ ಎಳೆಗಳನ್ನು ಸೇರಿಸಿದಾಗ, ಆ ಎಳೆಗಳು ಬೀಜದಂತೆ ವರ್ತಿಸಿ ಪ್ರಾಣಿಯ ಸ್ವಂತ ಪ್ರೋಟೀನನ್ನೂ ಗಂಟುಕಟ್ಟಿಸಿ, ಸಂಪರ್ಕದಲ್ಲಿರುವ ಭಾಗಗಳಿಗೆ ಹರಡಿ, ತಿಂಗಳುಗಳ ಅವಧಿಯಲ್ಲಿ ಡೋಪಮೈನ್ ಕೋಶಗಳನ್ನು ಕೊಂದದ್ದನ್ನು ತೋರಿಸಿದ್ದರು. ಎಳೆಗಳನ್ನು ಬಳಸುವ ಮುನ್ನ ಶಬ್ದಾತೀತ ತರಂಗಗಳಿಂದ ಚಿಕ್ಕ ತುಂಡುಗಳಾಗಿ ಒಡೆಯಬೇಕು, ಸರಿಯಾಗಿ ಒಡೆಯದಿದ್ದರೆ ಏನೂ ಆಗುವುದಿಲ್ಲ. ಒಡೆದವು ಮೇಜಿನ ಮೇಲೆ ಚೆಲ್ಲದಂತೆ ನೋಡಿಕೊಳ್ಳುವುದು ನಮ್ಮ ಸುರಕ್ಷತೆಯ ಪ್ರಶ್ನೆ. ಇದೂ ಚಿಕ್ಕ ಪ್ರಾಯದ ಪ್ರಾಣಿಯಲ್ಲಿ ನಡೆಯುವ ಪ್ರಯೋಗ, ಕಾಯಿಲೆ ಬರುವುದು ಹೆಚ್ಚಾಗಿ ವಯಸ್ಸಾದವರಿಗೆ ಎಂಬ ಅಂತರ ಹಾಗೆಯೇ ಉಳಿಯುತ್ತದೆ. ಆದರೆ ಗಂಟುಗಳು ಕಾಣಿಸಿಕೊಂಡ ಮೇಲೆ, ಕೋಶಗಳು ಸಾಯುವ ಮೊದಲು ನಮಗೆ ಸಾಕಷ್ಟು ಕಾಲ ಸಿಗುತ್ತದೆ, ಸಂಯುಕ್ತ ತಡೆಯಬೇಕಾದದ್ದೂ ನಳಿಕೆಯಲ್ಲಿ ಬಣ್ಣ ಬದಲಿಸುವ ವಿಷವಲ್ಲ. ಔಷಧವನ್ನು ಗಂಟುಗಳು ಕಾಣಿಸಿಕೊಂಡ ನಂತರವಷ್ಟೇ ಆರಂಭಿಸುವುದೆಂದು ಬರೆದಿದ್ದೇವೆ, ಮೊದಲೇ ಕೊಡುವ ಗುಂಪನ್ನು ಕೈಬಿಟ್ಟಿದ್ದರಿಂದ ಪ್ರಾಣಿಗಳ ಸಂಖ್ಯೆಯೂ ಇಳಿದಿದೆ. ಅದೇ ಪಶುವೈದ್ಯೆ ಈ ಬಾರಿ ಕೇಳಿದ್ದು, ಯಾವ ಫಲಿತಾಂಶ ಬಂದರೆ ಈ ಸಂಯುಕ್ತವನ್ನು ಕೈಬಿಡುತ್ತೀರಿ ಎಂದು. ಗಂಟುಗಳ ಪ್ರಮಾಣದಲ್ಲಿಯೂ ನಿಸ್ಲ್ ಎಣಿಕೆಯಲ್ಲಿಯೂ ವ್ಯತ್ಯಾಸ ಕಾಣದಿದ್ದರೆ, ಚಲನೆಯ ಪರೀಕ್ಷೆಗಳಲ್ಲಿ ಎಷ್ಟೇ ಸುಧಾರಣೆ ಕಂಡರೂ ಅದನ್ನು ರಕ್ಷಣೆಯೆಂದು ಪರಿಗಣಿಸುವುದಿಲ್ಲ, ಸಂಯುಕ್ತವನ್ನು ಇನ್ನೊಂದು ಪ್ರಾಣಿಯಲ್ಲಿ ಪರೀಕ್ಷಿಸುವುದೂ ಇಲ್ಲ ಎಂಬ ಉತ್ತರವನ್ನು ಅರ್ಜಿಯಲ್ಲಿಯೇ ಸೇರಿಸಿದೆವು, ಸಮಿತಿ ಒಪ್ಪಿಗೆ ಕೊಟ್ಟಿತು.